ಹಾಡಿಯ ಯಜಮಾನರು ಸಂಪನ್ಮೂಲ ವ್ಯಕ್ತಿ ಆಗೋದು ಯಾವಾಗ?

ಟೀಚರ್‌ಗಳ ತರಬೇತಿ ಅಂದ್ರೆ ಪ್ರೊಜೆಕ್ಟರ್, ಸ್ಲೈಡು, ಊಟ ಆದಮೇಲೆ ತೂಕಡಿಕೆ ಅಂತಲೇ ಅಂದುಕೊಂಡು ಹೋಗಿದ್ದೆ. ನಾನಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ರೆಯಲ್ಲಿ, ಹೈಸ್ಕೂಲ್ ಟೀಚರ್. ಅವತ್ತು ಲೈಬ್ರರಿಯ ನೆಲದ ತುಂಬಾ ಕಂಬಳಿ ಹಾಸಿದ್ದರು. ಕಿಟಕಿ ಪಕ್ಕ ಇದ್ದ ಒಂದೇ ಕುರ್ಚಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ನಮ್ಮ ಪ್ರಿನ್ಸಿಪಾಲರೇ ಅವರಿಗೆ ಟೀ ತಂದುಕೊಟ್ಟು, ಅವರು ಶುರು ಮಾಡಲಿ ಅಂತ ಕೈಕಟ್ಟಿ ನಿಂತು ಕಾದರು. ಅಜ್ಜಿ ಮೂಲನಿವಾಸಿ ಸಮುದಾಯದವರು. ಚಿಕ್ಕವರಿದ್ದಾಗ ರೆಸಿಡೆನ್ಷಿಯಲ್ ಸ್ಕೂಲಿನಲ್ಲಿ, ಅಂದ್ರೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಅವರ ಭಾಷೆ, ರೀತಿನೀತಿ ಮರೆಸಲು ನಡೆಸಿದ ವಸತಿ ಶಾಲೆಯಲ್ಲಿ ಇದ್ದು ಬಂದವರು. ಅವತ್ತಿಗೆ ನಮ್ಮೆಲ್ಲರ ಟೀಚರ್ ಅವರೇ.

ಆ ಕಂಬಳಿಗಳೇ ನೆಲ, ನಾವೇ ಅಲ್ಲಿನ ಜನ. ಒಬ್ಬರು ಚರಿತ್ರೆ ಓದುತ್ತಾ ಹೋದಂತೆ ಇನ್ನೊಬ್ಬರು ಬಂದು ಕಂಬಳಿ ಮಡಚುತ್ತಾರೆ. ಒಪ್ಪಂದ ಅಂತ ಒಂದು ಮಡಿಕೆ, ಕಾನೂನು ಅಂತ ಇನ್ನೊಂದು. ಸಿಡುಬಿನಲ್ಲಿ ಸತ್ತರು ಅಂತ ಕೆಲವರನ್ನು ಆಚೆ ಕಳಿಸುತ್ತಾರೆ. ಮಕ್ಕಳಾಗಿ ನಿಂತವರನ್ನು ದೂರದ ಬೇರೆ ಕಂಬಳಿಗೆ ಒಯ್ಯುತ್ತಾರೆ. ಅವರು ಸ್ಕೂಲು ಮುಗಿಸಿ ವಾಪಸ್ ಬಂದಾಗ ನಾವು ಬೆನ್ನು ತಿರುಗಿಸಿ ನಿಲ್ಲಬೇಕು, ಯಾಕಂದ್ರೆ ಅವರಿಗೆ ಮನೆಯ ಭಾಷೆಯೇ ಮರೆತುಹೋಗಿರುತ್ತದೆ. ಕೊನೆಗೆ ನನ್ನ ಕಂಬಳಿ ಒಂದು ಪಾದ ಹಿಡಿಸುವಷ್ಟಾಯಿತು. ಆಮೇಲೆ ದುಂಡಗೆ ಕೂತೆವು, ಅಜ್ಜಿ ಮಾತಾಡಿದರು. ಸ್ಕೂಲಿನಲ್ಲಿ ತಮ್ಮನ್ನು ಕರೆಯುತ್ತಿದ್ದ ನಂಬರು ಹೇಳಿದರು. ಹೆಸರಲ್ಲ, ನಂಬರು.

ಓದಿ ಗೊತ್ತಿದ್ದ ಸಂಗತಿಯೇ. ಸುಮಾರು 1,50,000 ಮಕ್ಕಳು, 130ಕ್ಕೂ ಜಾಸ್ತಿ ಶಾಲೆಗಳು. 1920ರಲ್ಲಿ ಕಾನೂನು ತಿದ್ದಿದ ಮೇಲಂತೂ ಮಗುವನ್ನು ಕಳಿಸಲ್ಲ ಅನ್ನುವ ಹಕ್ಕೇ ಅಪ್ಪ ಅಮ್ಮನಿಗೆ ಉಳಿಯಲಿಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಮೊನ್ನೆ ಮೊನ್ನೆ. ಈ ಶಾಲೆಗಳಲ್ಲಿ ನಡೆದದ್ದನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸು ಕೊಟ್ಟಿತು, ಟೀಚರ್‌ಗಳಿಗೆ ಇದನ್ನು ಕಲಿಸಬೇಕು ಅನ್ನುವುದೂ ಅದರಲ್ಲಿದೆ. ನಮ್ಮ ಪ್ರಾಂತ್ಯ 2019ರಲ್ಲಿ ಇದನ್ನು ಶಿಕ್ಷಕರ ವೃತ್ತಿ ಮಾನದಂಡಗಳಿಗೇ ಸೇರಿಸಿತು, ಒಂಬತ್ತನೆಯದು ಅದೇ. ಅಂದ್ರೆ ಗಣಿತದ ಟೀಚರಾದರೂ ಸರಿ, ಪಿ.ಟಿ. ಟೀಚರಾದರೂ ಸರಿ, ಇದು ನನಗೆ ಸಂಬಂಧವಿಲ್ಲ ಅನ್ನುವ ಹಾಗಿಲ್ಲ. ಆದರೆ ಅಂಕಿ ಅಂಶ ಓದುವುದು ಬೇರೆ, ಆ ನಂಬರಿನ ಹುಡುಗಿ ಎದುರಿಗೆ ಕೂತು ಹೇಳುವುದು ಬೇರೆ.

ಆಗಲೇ ನನಗೆ ಹೊಟ್ಟೆ ಉರಿದಿದ್ದು. ಇಲ್ಲಿಗೆ ಬರುವ ಮುಂಚೆ ನಾನು ಮೈಸೂರು ಜಿಲ್ಲೆಯಲ್ಲಿ, ನಾಗರಹೊಳೆ ಅಂಚಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಕ್ಲಾಸಿನಲ್ಲಿ ಅರ್ಧದಷ್ಟು ಹಾಡಿ ಮಕ್ಕಳು, ಅಂದ್ರೆ ಗಿರಿಜನರ ಪುಟ್ಟ ಊರಿನವರು, ಜೇನುಕುರುಬರು. ಅವರ ಬಗ್ಗೆಯೂ ನಮಗೆ ತರಬೇತಿ ಇತ್ತು. ಬೆಳಗ್ಗೆ ಉಪ್ಪಿಟ್ಟು, ಕೇಸರಿಬಾತ್, ಆಮೇಲೆ ಸಂಪನ್ಮೂಲ ವ್ಯಕ್ತಿ ಮಾಡ್ಯೂಲ್ ಓದುವುದು, ಮಧ್ಯೆ ಗುಂಪು ಚಟುವಟಿಕೆ, ಸಂಜೆ ಸಹಿ, ಟಿ.ಎ. ಬಿಲ್ಲು. ‘ಗಿರಿಜನರಲ್ಲಿ ಶಿಕ್ಷಣದ ಬಗ್ಗೆ ಅರಿವಿನ ಕೊರತೆ ಇದೆ’ ಅಂತ ಮಾಡ್ಯೂಲಿನಲ್ಲಿತ್ತು. ಎಲ್ಲರೂ ಬರೆದುಕೊಂಡೆವು. ಹಾಡಿ ಇದ್ದದ್ದು ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ನಾನು ಕೂತ ಒಂದು ತರಬೇತಿಗೂ ಹಾಡಿಯ ಒಬ್ಬರನ್ನೂ ಕರೆದಿರಲಿಲ್ಲ. ಇದು ಯಾರಿಗೂ ವಿಚಿತ್ರ ಅಂತ ಅನಿಸಲೂ ಇಲ್ಲ.

ಕರೆದಿದ್ದರೆ ಎಷ್ಟೋ ವಿಷಯ ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು. ಡಿಸೆಂಬರ್ ಬಂತು ಅಂದ್ರೆ ಮೂರು ಬೆಂಚು ಖಾಲಿ. ಹಾಜರಾತಿಯಲ್ಲಿ ಗೈರು, ಗೈರು, ಗೈರು. ಆಮೇಲೆ ‘ಶಾಲೆ ಬಿಟ್ಟ ಮಗು’ ಅಂತ ಪಟ್ಟಿಗೆ. ಮಗು ಎಲ್ಲಿ ಹೋಗಿರುತ್ತಿತ್ತು? ಕೊಡಗಿನ ಕಾಫಿ ತೋಟಕ್ಕೆ, ಕೊಯ್ಲಿಗೆ ಹೋದ ಅಪ್ಪ ಅಮ್ಮನ ಜೊತೆ. ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಆರು ವರ್ಷದ ಮಗು ಒಂದೇ ಇರುವುದು ಹೇಗೆ? ಕಾಡಿನ ಒಳಗಿದ್ದ ಹಾಡಿಯನ್ನು ಅಂಚಿಗೆ ತಂದು ಹಾಕಿದ್ದು ಯಾಕೆ, ಯಾವಾಗ, ಹಾಡಿಯ ಅಜ್ಜ ಈಗಲೂ ದೇವರ ಪೂಜೆಗೆ ಒಳಗೆ ಹೋಗಬೇಕಾದ್ರೆ ಯಾರ ಅಪ್ಪಣೆ ಕೇಳಬೇಕು, ಇದೆಲ್ಲ ಗೊತ್ತಿಲ್ಲದ ಟೀಚರು ಆ ಮಗುವಿಗೆ ಪರಿಸರ ಅಧ್ಯಯನದಲ್ಲಿ ಕಾಡು ಉಳಿಸಿ ಅಂತ ಪಾಠ ಮಾಡುತ್ತಾರೆ. ನಾವೆಲ್ಲ ಮಾಡಿದ್ದು ಅದೇ ಪಾಠ.

ನಮ್ಮಲ್ಲಿ ಮಕ್ಕಳನ್ನು ಕಿತ್ತುಕೊಂಡು ಹೋಗಿರಲಿಲ್ಲವಲ್ಲ, ಹೋಲಿಸೋದು ಸರಿನಾ ಅಂತ ಸ್ನೇಹಿತರು ಕೇಳುತ್ತಾರೆ. ಸರಿ, ಅದು ಬೇರೆ, ಇದು ಬೇರೆ. ಗಿರಿಜನ ಮಕ್ಕಳ ಸರ್ಕಾರಿ ವಸತಿ ಶಾಲೆ, ಅಂದ್ರೆ ಆಶ್ರಮ ಶಾಲೆಗೆ ತಂದೆತಾಯಿಯೇ ಕರೆದುಕೊಂಡು ಬಂದು ಸೇರಿಸುತ್ತಾರೆ. ಆದರೆ ನಾನು ಕೇಳುತ್ತಿರುವುದು ಇಷ್ಟೇ: ಯಾರ ಮಕ್ಕಳಿಗೆ ಪಾಠ ಮಾಡುತ್ತೇವೋ ಅವರ ಬಗ್ಗೆ ಅವರ ಬಾಯಿಂದಲೇ ಕೇಳೋಣ ಅಂತ ನಮಗೆ ಯಾಕೆ ಅನಿಸಲ್ಲ?

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಲ್ಲ, ಇದನ್ನೂ ಹೇಳಲೇಬೇಕು. ಈ ಆಯೋಗ ಸರ್ಕಾರದ ಒಳ್ಳೇತನದಿಂದ ಬಂದದ್ದಲ್ಲ. ಆ ಶಾಲೆಗಳಲ್ಲಿ ನರಳಿದವರು ಕೋರ್ಟಿಗೆ ಹೋಗಿ ಬಡಿದಾಡಿ ಪಡೆದ ಒಪ್ಪಂದದ ಫಲ ಅದು. ಹಲವು ಮೂಲನಿವಾಸಿ ಊರುಗಳಲ್ಲಿ ಇವತ್ತಿಗೂ ನಲ್ಲಿ ನೀರು ನೇರವಾಗಿ ಕುಡಿಯುವ ಹಾಗಿಲ್ಲ. ಈ ನೆಲ ಯಾರದ್ದು ಅಂತ ಸಭೆಗೆ ಮುಂಚೆ ಓದುವ ಸಾಲನ್ನು ಗಡಿಬಿಡಿಯಲ್ಲಿ ಓದಿ ಮುಗಿಸುವವರೂ ಇದ್ದಾರೆ. ಮತ್ತೆ ನಮ್ಮೂರ ಕಡೆ ಯಾವ ತರಬೇತಿಯೂ ಇಲ್ಲದೆ ಜೇನುಕುರುಬರ ಮಾತನ್ನು ತಾವಾಗೇ ಕಲಿತು, ಹಾಡಿಗೆ ಹೋಗಿ ಜಗಲಿ ಮೇಲೆ ಕೂತು ಮಕ್ಕಳನ್ನು ಕರೆತರುತ್ತಿದ್ದ ಮೇಷ್ಟ್ರೊಬ್ಬರು ನನ್ನ ಜೊತೆಗೇ ಇದ್ದರು. ಅಂಥವರು ಇಲ್ಲಿ ನನಗಿನ್ನೂ ಸಿಕ್ಕಿಲ್ಲ. ಆದರೆ ಒಬ್ಬ ಮೇಷ್ಟ್ರ ಒಳ್ಳೇತನದ ಮೇಲೆ ಇಡೀ ತಾಲ್ಲೂಕು ನಡೆಯಬಾರದು, ಅವರಿಗೆ ವರ್ಗವಾದರೆ ಅಲ್ಲಿಗೆ ಮುಗಿಯಿತು.

ಇದಕ್ಕೆ ಹೊಸ ಇಲಾಖೆ ಬೇಡ, ದೊಡ್ಡ ಬಜೆಟ್ಟೂ ಬೇಡ. ತರಬೇತಿಯ ಖರ್ಚಿನಲ್ಲಿ ಸಂಪನ್ಮೂಲ ವ್ಯಕ್ತಿಯ ಸಂಭಾವನೆ ಅಂತ ಒಂದು ಸಾಲು ಇದ್ದೇ ಇದೆ. ಮುಂದಿನ ಸಲ ಅಲ್ಲಿ ಹಾಡಿಯ ಯಜಮಾನರೊಬ್ಬರ ಹೆಸರು ಬರೆಯಿರಿ. ಕಾಫಿ ತೋಟಕ್ಕೆ ಹೋಗುವ ತಾಯಂದಿರನ್ನೂ ಕರೆಯಿರಿ. ಓಡಾಟಕ್ಕೆ ಜೀಪು ಕಳಿಸಿ, ಊಟದ ಮುಂಚಿನ ಹತ್ತು ನಿಮಿಷ ಅಲ್ಲ, ಬೆಳಗ್ಗಿನ ಪೂರ್ತಿ ಹೊತ್ತು ಅವರಿಗೇ ಬಿಟ್ಟುಕೊಡಿ. ಡಿಸೆಂಬರ್‌ನಲ್ಲಿ ಮಾತ್ರ ಇಡಬೇಡಿ, ಆಗ ಅವರೆಲ್ಲ ಕೊಡಗಿನಲ್ಲಿರುತ್ತಾರೆ.