ಬೂದು ಸಿಪಿಲೆ ಇಲ್ಲಿ ಚಳಿಗಾಲದ ಅತಿಥಿ

ಸಿಪಿಲೆ ಎಂಬ ಪುಟ್ಟ ಹಕ್ಕಿಗಳ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಬೂದು ಸಿಪಿಲೆ ಬೆಂಗಳೂರಿನಲ್ಲಿ ವರ್ಷವಿಡೀ ಇರುತ್ತದೆ ಎಂಬ ಅದರಲ್ಲಿನ ಮಾತು ಸರಿಯಲ್ಲ. ಹನ್ನೆರಡು ತಿಂಗಳೂ ಇಲ್ಲಿದ್ದು, ನೀರಿನ ಟ್ಯಾಂಕಿನ ಮೇಲೆ ಕುಳಿತು ಇಂಪಾಗಿ ಹಾಡುವುದು ಕಪ್ಪು ಬಿಳುಪಿನ ಬಿಳಿಹುಬ್ಬಿನ ಸಿಪಿಲೆ. ಬೂದು ಸಿಪಿಲೆ ಹಿಮಾಲಯ ಮತ್ತು ಅದರಾಚೆಯ ತಂಪು ನಾಡುಗಳ ತೊರೆಗಳ ಬಳಿ ಮರಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತದೆ.

ಬೂದು ಬೆನ್ನು, ಬಾಲದ ಬುಡದಲ್ಲಿ ನಿಂಬೆಹಣ್ಣಿನಂಥ ಹಳದಿ, ದೇಹಕ್ಕೆ ಮೀರಿದ ಉದ್ದನೆಯ ಬಾಲ. ಆ ಬಾಲ ಒಂದು ಕ್ಷಣವೂ ಸುಮ್ಮನಿರುವುದಿಲ್ಲ; ಕುಂಡೆಕುಸ್ಕ ಎಂಬ ನಮ್ಮ ಹೆಸರಿಗಿಂತ ತಕ್ಕ ಹೆಸರು ಇನ್ನೊಂದಿಲ್ಲ. ಗಂಡಿನ ಕಪ್ಪು ಗಂಟಲನ್ನು ಚಳಿಗಾಲದಲ್ಲಿ ಹುಡುಕಬೇಡಿ, ಆಗ ಅದು ಬೆಳ್ಳಗಿರುತ್ತದೆ. ಅಲೆಯಂತೆ ಏರಿಳಿದು ಹಾರುವಾಗ ಚೂಪಾದ ‘ಚಿಝಿಕ್’ ಕೂಗು ಕೇಳಿದರೆ ತಲೆಯೆತ್ತಿ ನೋಡಿ.

ಒಮ್ಮೆ ಚಳಿಗಾಲ ಕಳೆದ ಜಾಗಕ್ಕೇ ಮರಳುವ ಸ್ವಭಾವ ಸಿಪಿಲೆಗಳಿಗಿದೆ. ನಮ್ಮ ಮನೆಯ ಹಿಂದಿನ ಕಾಲುವೆಯ ಅಂಚಿನಲ್ಲಿ ಪ್ರತಿ ವರ್ಷ ಒಂಟಿ ಹಕ್ಕಿಯೊಂದು ಹುಳ ಹೆಕ್ಕುತ್ತಿತ್ತು, ಬೇರೆ ಸಿಪಿಲೆ ಬಂದರೆ ಅಟ್ಟುತ್ತಿತ್ತು. ಎರಡು ವರ್ಷಗಳ ಹಿಂದೆ ಕಾಲುವೆಗೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದರು. ಈಗಲೂ ನವರಾತ್ರಿ ಬಂದಾಗ ನಾನು ಹಿತ್ತಲಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತೇನೆ.