ಕೊಟ್ಟಿದ್ದು ಸರಿ, ಲೆಕ್ಕ ಎಲ್ಲಿ?

ಚಂದ್ರಯಾನ-3 ಇಳಿದ ವಾರ, ಇಲ್ಲಿ ಇಂಗ್ಲೆಂಡಿನಲ್ಲಿ, ಸಹೋದ್ಯೋಗಿಯೊಬ್ಬ ನಗುನಗುತ್ತಲೇ ಚುಚ್ಚಿದ. "ಚಂದ್ರನ ಮೇಲೆ ಇಳಿದಿರಿ, ಸಂತೋಷ. ಇನ್ನಾದರೂ ನಮ್ಮ ದುಡ್ಡು ವಾಪಸ್ ಕೊಡ್ತೀರಾ?" ಮೈ ಉರಿಯಿತು. ಭಾರತ ಸರ್ಕಾರಕ್ಕೆ ನೇರವಾಗಿ ನೆರವಿನ ಹಣ ಕೊಡುವುದನ್ನು ಬ್ರಿಟನ್ 2015ರಲ್ಲೇ ನಿಲ್ಲಿಸಿದೆ. ಆಮೇಲೆ ಬಂದಿದ್ದರಲ್ಲಿ ದೊಡ್ಡ ಪಾಲು ಕಂಪನಿಗಳಲ್ಲಿ ಹೂಡಿದ ಬಂಡವಾಳ, ಲಾಭ ಬಂದರೆ ಅದು ಇವರಿಗೇ. ಇನ್ನು ಇನ್ನೂರು ವರ್ಷ ಅಲ್ಲಿಂದ ಇಲ್ಲಿಗೆ ಬಂದಿದ್ದರ ಲೆಕ್ಕ ತೆಗೆದರೆ ಟೀ ಬ್ರೇಕ್ ಸಾಲುವುದಿಲ್ಲ ಬಿಡಿ.

ಆದರೆ ಸಿಟ್ಟು ಇಳಿದ ಮೇಲೆ ಬೇರೆಯದೇ ಕಾಡತೊಡಗಿತು. ಈ ಮನುಷ್ಯ ತನ್ನ ತೆರಿಗೆ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳುತ್ತಿದ್ದಾನೆ. ತಪ್ಪುತಪ್ಪಾಗಿ ಕೇಳಿದ, ಆದರೂ ಕೇಳಿದ. ನಮ್ಮಲ್ಲಿ ಯಾರು ಕೇಳುತ್ತಾರೆ?

ಭಾರತವೂ ಕೊಡುವ ದೇಶ. ಭೂತಾನ್ ಒಂದಕ್ಕೇ 2024-25ರ ಬಜೆಟ್ಟಿನಲ್ಲಿ 2 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇಟ್ಟಿದ್ದರು. ಇಥಿಯೋಪಿಯಾದ ಸಕ್ಕರೆ ಕಾರ್ಖಾನೆಗಳಿಗೆ, ರಫ್ತು-ಆಮದಿಗೆ ಸಾಲ ಕೊಡುವ ನಮ್ಮ ಸರ್ಕಾರಿ ಎಕ್ಸಿಮ್ ಬ್ಯಾಂಕಿನಿಂದ ಹೋದ ಸಾಲ 64 ಕೋಟಿ ಡಾಲರ್. ಇದೇನೂ ಗುಟ್ಟಲ್ಲ. ಬಜೆಟ್ ಪುಸ್ತಕದಲ್ಲಿದೆ, ಸಂಸದೀಯ ಸಮಿತಿಯ ವರದಿಯೂ ಬರುತ್ತದೆ. ಓದಿ ಜಗಳ ಆಡುವವರು ಇಲ್ಲ ಅಷ್ಟೇ. ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅನ್ನುವುದು ಸ್ವಂತ ದುಡ್ಡಿಗೆ ಚೆನ್ನ, ಖಜಾನೆ ದುಡ್ಡಿಗೂ ಅದನ್ನೇ ಹಚ್ಚಿದರೆ ಹೇಗೆ?

ಇಲ್ಲಿ ಎಂಥ ಜಗಳ ಆಗುತ್ತದೆ ಅನ್ನುವುದಕ್ಕೆ ಪೆರ್ಗಾವು ಅಣೆಕಟ್ಟಿನ ಕಥೆ ಕೇಳಿ. ಮಲೇಷ್ಯಾದಲ್ಲಿ ವಿದ್ಯುತ್ತಿಗೆ ಅಂತ ಅಣೆಕಟ್ಟು, ಬ್ರಿಟನ್ನಿನ ನೆರವು 23.4 ಕೋಟಿ ಪೌಂಡ್. ಇದು ಲೆಕ್ಕಕ್ಕೆ ಕೂರದ ಯೋಜನೆ ಅಂತ ನೆರವಿನ ಇಲಾಖೆಯ ಅತಿ ಹಿರಿಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್ ಬರವಣಿಗೆಯಲ್ಲೇ ತಕರಾರು ಹಾಕಿದ್ದರು. ಮಂತ್ರಿಗಳು ಕೇಳಲಿಲ್ಲ. ಯಾಕೆ ಅಂದರೆ ಇದರ ಹಿಂದೆ ಮಲೇಷ್ಯಾಕ್ಕೆ ಶಸ್ತ್ರಾಸ್ತ್ರ ಮಾರುವ ಮಾತುಕತೆ ನಡೆದಿತ್ತು. ಸುದ್ದಿ ಹೊರಬಿತ್ತು, ಪತ್ರಿಕೆಗಳು ಹರಿದು ಹಾಕಿದವು, ಒಂದು ಪ್ರಚಾರ ಸಂಘಟನೆ ಸರ್ಕಾರವನ್ನೇ ಕೋರ್ಟಿಗೆ ಎಳೆಯಿತು, 1994ರಲ್ಲಿ ಹೈಕೋರ್ಟು ಈ ನೆರವು ಕಾನೂನಿಗೆ ವಿರುದ್ಧ ಅಂದುಬಿಟ್ಟಿತು. ಯೋಚಿಸಿ, ದುಡ್ಡು ಹೋಗಿದ್ದು ಹೊರದೇಶಕ್ಕೆ, ಕೇಸು ಹಾಕಿದ್ದು ಇಲ್ಲಿಯವರು! ಆಮೇಲೆ ಸುಮ್ನೆ ಕೂರಲಿಲ್ಲ. ನಮ್ಮ ನೆರವು ಬೇಕಾದರೆ ನಮ್ಮ ಸಾಮಾನೇ ಕೊಳ್ಳಿ ಅನ್ನುವ ಷರತ್ತನ್ನು 2001ರಲ್ಲಿ ಕೈಬಿಟ್ಟರು. ಅಭಿವೃದ್ಧಿ ನೆರವು ಬಡತನ ಇಳಿಸುವುದಕ್ಕೇ ಹೋಗಬೇಕು ಅಂತ 2002ರಲ್ಲಿ ಕಾನೂನು ಬಂತು. ಹಣ ಹೇಗೆ ಖರ್ಚಾಯಿತು ಅಂತ ನೋಡಿ ಸಂಸತ್ತಿಗೆ ಹೇಳಲು 2011ರಲ್ಲಿ ಸ್ವತಂತ್ರ ಆಯೋಗವನ್ನೇ ಮಾಡಿದರು.

ನಮ್ಮಲ್ಲಿ? ಎಕ್ಸಿಮ್ ಬ್ಯಾಂಕಿನ ಈ ಸಾಲಗಳಿಗೆ 2015ರ ನಿಯಮದ ಪ್ರಕಾರ ಸಾಮಾನು, ಕೆಲಸ ಎಲ್ಲ ಸೇರಿ ಸಾಮಾನ್ಯವಾಗಿ ಶೇ 75 ಭಾರತದಿಂದಲೇ ಹೋಗಬೇಕು. ಇಂಥ ಷರತ್ತಿನಿಂದ ಯೋಜನೆಯ ಖರ್ಚು ಶೇ 15ರಿಂದ 30ರಷ್ಟು ಏರುತ್ತದೆ ಅಂತ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯೇ ಹೇಳುತ್ತದೆ. ಆ ಹೆಚ್ಚುವರಿ ಹೊರೆ ಸಾಲ ತೀರಿಸುವ ಬಡ ದೇಶದ ತಲೆ ಮೇಲೆ. ನಾವೇ ಒಂದು ಕಾಲದಲ್ಲಿ ಇಂಥ ಷರತ್ತುಗಳಿಗೆ ಬೈದವರು, ಅಲ್ವಾ? ಈಗ ನಾವು ಹಾಕಿದರೆ ಅದಕ್ಕೆ ಸ್ನೇಹ, ಸಹಕಾರ ಅಂತ ಹೆಸರು. ಊರಿನ ಗೆಳೆಯರ ಹತ್ತಿರ ಈ ಮಾತು ತೆಗೆದರೆ "ನಿನಗೆ ಅಲ್ಲಿಯ ಗಾಳಿ ಬಡಿದಿದೆ" ಅನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು.

ಸರಿ, ಮನಸ್ಸಿಲ್ಲದಿದ್ದರೂ ಇನ್ನೊಂದು ಕಡೆಯದನ್ನೂ ಹೇಳಲೇಬೇಕು. ರಾಷ್ಟ್ರೀಯ ವರಮಾನದ ಶೇ 0.7 ನೆರವಿಗೆ ಕೊಡಿ ಅಂತ ವಿಶ್ವಸಂಸ್ಥೆ 1970ರಲ್ಲಿ ಶ್ರೀಮಂತ ದೇಶಗಳಿಗೆ ಹೇಳಿತ್ತು. ಬ್ರಿಟನ್ 2015ರಲ್ಲಿ ಅದನ್ನು ಕಾನೂನೇ ಮಾಡಿತು. 2021ರಲ್ಲಿ ಅದೇ ಬ್ರಿಟನ್ 0.5ಕ್ಕೆ ಇಳಿಯಿತು, 2027ಕ್ಕೆ 0.3 ಅಂತ ಈಗ ತೀರ್ಮಾನ. ಉಳಿದ ದುಡ್ಡು ರಕ್ಷಣೆಗೆ. 2023ರಲ್ಲಂತೂ ನೆರವಿನ ಕಾಲು ಭಾಗಕ್ಕಿಂತ ಜಾಸ್ತಿ ಈ ದೇಶದೊಳಗೇ, ನಿರಾಶ್ರಿತರಿಗಾಗಿ ಖರ್ಚಾಯಿತು, ಅದರಲ್ಲಿ ಹೋಟೆಲ್ ಬಿಲ್ಲುಗಳೇ ಎಷ್ಟೋ. ನಿರಾಶ್ರಿತರಿಗೆ ಸೂರು ಬೇಕು, ಒಪ್ಪಿದೆ. ಆದರೆ ಆ ದುಡ್ಡು ಬಡ ದೇಶ ಮುಟ್ಟಲೇ ಇಲ್ಲ. ಲೆಕ್ಕ ಮಾತ್ರ ಪಕ್ಕಾ.

ಮತ್ತೆ ನಮ್ಮವರು ಐಟೆಕ್ ಶುರು ಮಾಡಿದ್ದು 1964ರಲ್ಲಿ. ಬೇರೆ ಬೇರೆ ದೇಶಗಳ ನೌಕರರನ್ನು, ತಂತ್ರಜ್ಞರನ್ನು ಕರೆಸಿ, ವಿಮಾನದ ಟಿಕೆಟ್, ವಸತಿ ಎಲ್ಲ ಕೊಟ್ಟು ತರಬೇತಿ ಕೊಡುವ ಕಾರ್ಯಕ್ರಮ, ಇವತ್ತು 160 ದೇಶಗಳಿಗೆ ಹಬ್ಬಿದೆ. 1964 ಅಂದರೆ ನಾವೇ ಅಮೆರಿಕದ ಆಹಾರ ನೆರವಿನ, ಅಂದರೆ ಪಿಎಲ್-480 ಯೋಜನೆಯ ಗೋಧಿಗೆ ಕಾಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲೂ ಕೊಡಲು ಹೊರಟಿದ್ದಕ್ಕೆ ನನಗೆ ಹೆಮ್ಮೆ ಇದೆ. ಮುಂದಿನ ಸಲ ಆ ಸಹೋದ್ಯೋಗಿಗೆ ಇದನ್ನೇ ಹೇಳುತ್ತೇನೆ, ಎಕ್ಸಿಮ್ ಬ್ಯಾಂಕಿನ ಷರತ್ತಿನ ವಿಷಯ ಅವನು ಎತ್ತದಿದ್ದರೆ ಸಾಕು.