ಹೆಬ್ಬಾರರಿಗೆ ಹಾರ ಹಾಕಿದ್ದು ಸಾಕು, ಗೆರೆ ನೋಡೋಣ

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಬಂದರೆ ನಮ್ಮ ಮಾತು ಶುರುವಾಗುವುದೇ ಪದ್ಮಶ್ರೀ, ಪದ್ಮಭೂಷಣದಿಂದ. ಆಮೇಲೆ "ನಮ್ಮ ಉಡುಪಿಯವರು" ಎಂಬ ಹೆಮ್ಮೆ. ಅಲ್ಲಿಗೆ ಮುಗಿಯಿತು. ಅವರ ಯಾವುದಾದರೂ ಒಂದು ಚಿತ್ರದ ಬಗ್ಗೆ ಎರಡು ಮಾತು ಹೇಳಿ ಅಂದರೆ ಅರ್ಧ ಜನ ಮೊಬೈಲ್ ತೆಗೆಯುತ್ತಾರೆ.

1911ರಲ್ಲಿ ಕಟ್ಟಿಂಗೇರಿಯಲ್ಲಿ ಹುಟ್ಟಿದ ಈ ಮನುಷ್ಯ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕೆಲವು ವರ್ಷ ಪಾಠ ಹೇಳಿದರು. ಅಷ್ಟಾದ ಮೇಲೆ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಮೇಷ್ಟ್ರಾಗಿದ್ದವರು ಹೀಗೆ ಕೆಳಗಿಳಿದು ಕೂರುವುದು ಸಣ್ಣ ಮಾತಲ್ಲ. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಥಕ್ ವಿಷಯ. ಕುಣಿಯುವವರನ್ನು ಎದುರಿಗೆ ಕೂತು ನೋಡಿದರೆ ಭಂಗಿ ಸಿಗುತ್ತದೆ, ಲಯ ಸಿಗುವುದಿಲ್ಲ. ಲಯ ಮೈಗೆ ಹತ್ತಬೇಕೆಂದು ಅವರು ತಾವೇ ಗುರುಗಳ ಬಳಿ ಕಥಕ್ ಕಲಿತರು. ಚಿತ್ರ ಬರೆಯುವುದಕ್ಕಾಗಿ ಗೆಜ್ಜೆ ಕಟ್ಟಿದವರು ಇನ್ನೆಷ್ಟು ಜನ ಇದ್ದಾರೋ!

ಅದರ ಫಲ ಅವರ ರೇಖಾಚಿತ್ರಗಳಲ್ಲಿದೆ. ಬೆರಳೆಣಿಕೆಯ ಗೆರೆಗಳು, ಅಷ್ಟರಲ್ಲೇ ಒಬ್ಬ ನರ್ತಕಿ ತಿರುಗಿ ನಿಂತಿರುತ್ತಾಳೆ. ಎಷ್ಟೋ ಕಡೆ ಕಣ್ಣು ಮೂಗನ್ನೂ ಬಿಡಿಸಿರುವುದಿಲ್ಲ. ಗೆರೆ ದಪ್ಪಗಾದ ಕಡೆ ಮೈಯ ಭಾರ ಬೀಳುತ್ತದೆ, ತೆಳುವಾದ ಕಡೆ ಕಾಲು ನೆಲ ಬಿಡುತ್ತದೆ. ಉಳಿದ ಖಾಲಿ ಕಾಗದವೇ ರಂಗಸ್ಥಳ. 'ದಿ ಸಿಂಗಿಂಗ್ ಲೈನ್' ಹೆಸರಿನಲ್ಲಿ ಇವು ಪುಸ್ತಕವಾಗಿಯೂ ಬಂದವು. ಆದರೂ "ಅದು ಬರೀ ಸ್ಕೆಚ್ಚು, ನಿಜವಾದ ಕೆಲಸ ತೈಲವರ್ಣದ್ದು" ಅನ್ನುವವರಿಗೆ ಬರವಿಲ್ಲ. ಬಣ್ಣದಲ್ಲಿ ತಪ್ಪಿದರೆ ಮೇಲೊಂದು ಪದರ ಬಳಿಯಬಹುದು ಸ್ವಾಮಿ, ಶಾಯಿಯ ಗೆರೆಗೆ ಆ ರಿಯಾಯಿತಿ ಎಲ್ಲಿದೆ?

ಅವರ ಆರಂಭದ ಕೇರಳದ ಚಿತ್ರಗಳು ಚೆಲುವಾಗಿವೆ, ನಿಜ. ಆದರೆ ಅಲ್ಲಿ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಇಣುಕುತ್ತಾರೆ, ಅವರ ಹಿಂದೆ ಫ್ರೆಂಚ್ ಚಿತ್ರಕಾರ ಗೋಗ್ಯಾಂ. ಗೆರೆಗೆ ಬಂದರೆ ಹೆಬ್ಬಾರರೊಬ್ಬರೇ. ಅಜಂತಾ, ಜೈನ ಹಸ್ತಪ್ರತಿಗಳಿಂದ ಕಲಿತದ್ದೆಲ್ಲ ಅಷ್ಟರೊಳಗೆ ಅರಗಿ ಹೋಗಿದೆ.

ದೇಶದ ಕಲಾಚರಿತ್ರೆಯಲ್ಲಿ ಅವರು ಪಕ್ಕಕ್ಕೆ ಸರಿದದ್ದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. 1947ರಲ್ಲಿ ಅದೇ ಮುಂಬೈಯಲ್ಲಿ ಸೂಜಾ, ರಝಾ, ಹುಸೇನ್, ಆರಾ ಮೊದಲಾದವರು ಪ್ರೋಗ್ರೆಸ್ಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಕಲಾವಿದರ ಗುಂಪು ಕಟ್ಟಿದರು. ಆ ಕಾಲದ ಕಥೆ ಬರೆಯುವವರು ಗುಂಪು ಹಿಡಿದುಕೊಂಡೇ ಬರೆಯುತ್ತಾರೆ. ಘೋಷಣೆ, ಜಗಳ, ವಿವಾದ ಎಲ್ಲ ಅಲ್ಲೇ ಸಿಗುತ್ತವೆ. ಹೆಬ್ಬಾರರು ಆ ಗುಂಪಿನಲ್ಲಿರಲಿಲ್ಲ. ಹೊರಗಿನವರು ಮರೆತರು ಎಂದು ದೂರುವ ನಾವಾದರೂ ನೋಡಿದ್ದೇವೆಯೇ? ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ಅವರ ಕೃತಿಗಳಿವೆ. ಚಿತ್ರಸಂತೆಯ ದಿನ ಚಿತ್ರಕಲಾ ಪರಿಷತ್ತಿನ ಹೊರಗೆ ರಸ್ತೆ ತುಂಬ ತಿರುಗುವವರಲ್ಲಿ ಅವನ್ನು ನೋಡಿದವರು ಎಷ್ಟು ಮಂದಿ?

ತೈಲಚಿತ್ರಗಳ ಬಗ್ಗೆ ನಾನು ಹೇಳಿದ್ದಕ್ಕೆ ಕಮೆಂಟಿನಲ್ಲಿ ಜಗಳ ಬರಬಹುದು, ಬರಲಿ. ಕೋಳಿ ಅಂಕದ ಚಿತ್ರವೊಂದನ್ನು ಮಾತ್ರ ನಾನೇ ಮೊದಲು ಬಿಟ್ಟುಕೊಡುತ್ತೇನೆ. ಅಲ್ಲಿ ಬಣ್ಣವೂ ಗೆರೆಯ ಮಾತು ಕೇಳಿದೆ.